ಆ ಸಾಲು ನನ್ನದು, ತೆಗೆದೆ

ನನ್ನ ವಾರಗಿತ್ತಿ ಕ್ಷಮೆ ಕೇಳೋಳಲ್ಲ ಅಂತ ಡಿಪೋದಲ್ಲಿ ಎಲ್ಲರಿಗೂ ಗೊತ್ತು. ಕೇಳೋಕೆ ಬರೋದಿಲ್ಲ ಅಂತಲ್ಲ. ಕಾಲು ತುಳಿದರೆ ತಕ್ಷಣ ಕೇಳ್ತಾಳೆ, ಚಹಾ ಚೆಲ್ಲಿದರೆ ಕೇಳ್ತಾಳೆ, ಒರೆಸಿಯೂ ಕೊಡ್ತಾಳೆ. ತನ್ನದಲ್ಲದ ತಪ್ಪಿಗೆ ಮಾತ್ರ ಜಪ್ಪಯ್ಯ ಅಂದರೂ ಕೇಳೋದಿಲ್ಲ. ಅದೇನು ಮಹಾ ಅಂತ ನಿಮಗನ್ನಿಸಬಹುದು. ಅಂಥವಳ ಜೊತೆ ಒಂದೇ ಮನೆಯಲ್ಲಿ, ಒಂದೇ ಆಫೀಸಿನಲ್ಲಿ ಇದ್ದು ನೋಡಿ, ಆಮೇಲೆ ಮಾತಾಡೋಣ.

ಅವಳು ನಮ್ಮ ಮನೆಯ ದೊಡ್ಡ ಸೊಸೆ, ನಾನು ಚಿಕ್ಕವಳು. ಮದುವೆಯಾದ ಹೊಸದರಲ್ಲಿ ಅವಳನ್ನು 'ನೀವು' ಅಂತಿದ್ದೆ. ದಿನಾ ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಒಂದೇ ಕಂಬಿಗೆ ಜೋತುಬಿದ್ದು ಡಿಪೋಗೆ ಹೋಗೋಕೆ ಶುರುವಾದ ಮೇಲೆ ಅದು ತಾನಾಗಿಯೇ 'ನೀನು' ಆಯ್ತು. ಮನೆಯಲ್ಲಿ ಅಕ್ಕ, ಆಫೀಸಿನಲ್ಲಿ ಮೇಡಂ. ಡಿಪೋದವರು ಬೆನ್ನ ಹಿಂದೆ ಇಟ್ಟಿರೋ ಹೆಸರು 'ಯಾರದು ಮೇಡಂ'. ಮೇಜಿನ ಮೇಲೆ ಒಂದು ಲೋಟ ಕಂಡರೂ ಅವಳು ಮೊದಲು ಕೇಳೋದು ಇದು ಯಾರದು ಅಂತ. ಪೆನ್ನು ಕೊಟ್ಟರೂ ಯಾರದು, ಛತ್ರಿ ಕೊಟ್ಟರೂ ಯಾರದು. ಒಂದು ಸಲ ಭಾವ, ಅಂದರೆ ಅವಳ ಗಂಡ, ತಮ್ಮ ಅಂಗಡಿಯ ಪಕ್ಕದಲ್ಲಿ ಯಾರೋ ಬಿಟ್ಟುಹೋಗಿದ್ದ ಕುರ್ಚಿಯೊಂದನ್ನು ತಂದು ಮನೆ ಮುಂದೆ ಹಾಕ್ಕೊಂಡು ಆರಾಮಾಗಿ ಕೂತಿದ್ದರು. ಅವಳು ಹೋಗ್ತಾ ಬರ್ತಾ ಎಷ್ಟು ಸಲ ಯಾರದು ಅಂತ ಕೇಳಿದಳೋ ಏನೋ, ಪಾಪ, ಮಟಮಟ ಮಧ್ಯಾಹ್ನ ಅದನ್ನು ತಲೆ ಮೇಲೆ ಹೊತ್ಕೊಂಡು ಹೋಗಿ ಇದ್ದ ಜಾಗದಲ್ಲೇ ಇಟ್ಟು ಬಂದರು.

ಈಗ ನಾನು ಕೂರುವ ಪಾಳಿ ಕಿಟಕಿಯಲ್ಲಿ ಮೊದಲು ಕೂರುತ್ತಿದ್ದವಳು ಅವಳೇ. ಯಾವ ಡ್ರೈವರಿಗೆ ಯಾವ ಬಸ್ಸು, ಯಾವ ದಾರಿ, ಎಷ್ಟು ಹೊತ್ತಿಗೆ ಅಂತ ಬೆಳಿಗ್ಗೆ ಚೀಟಿ ಕೊಡುವ ಕಿಟಕಿ ಅದು. ಮೊದಲೆಲ್ಲ ಕೈಯಲ್ಲೇ ಬರೆದು ಕೊಡುತ್ತಿದ್ದರು. ಆಮೇಲೆ ಹೊರಗಿನಿಂದ ಯಾರೋ ಬಂದು ಕಂಪ್ಯೂಟರಿಗೆ ಒಂದು ಪ್ರೋಗ್ರಾಂ ಬರೆದುಕೊಟ್ಟು ಕೈ ತೊಳೆದುಕೊಂಡು ಹೋದರು. ಅದು ಕೆಟ್ಟಾಗಲೆಲ್ಲ ಡ್ರೈವರುಗಳ ಬೈಗುಳ ತಿನ್ನೋದು ಕಿಟಕಿಯಲ್ಲಿದ್ದವಳು. ಬೈಸಿಕೊಂಡು ಬೈಸಿಕೊಂಡು ಅಕ್ಕನಿಗೆ ರೋಸಿಹೋಯಿತು. ಇದರೊಳಗೆ ಏನಿದೆ ಅಂತ ನಾನೇ ನೋಡ್ತೀನಿ ಅಂತ ಹೊರಟಳು. ಕೆಲಸ ಮುಗಿದ ಮೇಲೆ, ಆ ಪ್ರೋಗ್ರಾಂ ಬರೆದಿದ್ದ ಪೈಥಾನ್ ಅನ್ನೋ ಕಂಪ್ಯೂಟರ್ ಭಾಷೆಯ ಕ್ಲಾಸಿಗೆ ಸೇರಿಕೊಂಡಳು. ಆ ಕ್ಲಾಸಿನಲ್ಲಿ ಅವಳ ವಯಸ್ಸಿನವರು ಯಾರೂ ಇರಲಿಲ್ಲ, ಪಾಠ ಹೇಳುವವನೂ ಅವಳಿಗಿಂತ ಚಿಕ್ಕವನು. ಇಲಾಖೆ ಪರೀಕ್ಷೆಯಲ್ಲಿ ಒಂದು ಸಲ ಫೇಲಾದಳು. ಅತ್ತೆ "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ?" ಅಂದರು. "ಬೇಕಿತ್ತು ಅತ್ತೆ" ಅಂದಳು ಅಷ್ಟೆ. ಮುಂದಿನ ಸಲ ಪಾಸಾಗಿ ಕಂಪ್ಯೂಟರ್ ವಿಭಾಗಕ್ಕೆ ಹೋದಳು. ಅವಳ ಕಿಟಕಿ ನನಗೆ ಬಂತು, ಬೈಗುಳವೂ ಅದರ ಜೊತೆಗೇ ಬಂತು.

ಕಂಪ್ಯೂಟರ್ ವಿಭಾಗ ಅಂದರೆ ಏನೋ ಗಾಜಿನ ಮಹಲು ಅಂದುಕೊಳ್ಳಬೇಡಿ. ಟೈರ್ ಗೋಡೌನಿನ ಹಿಂದೆ ಒಂದು ಉದ್ದನೆಯ ಕೋಣೆ. ಯಾವಾಗಲೂ ರಬ್ಬರ್ ವಾಸನೆ. ಕೂರೋರು ನಾಲ್ಕೇ ಜನ. ವಿಭಾಗದ ಸಾಹೇಬರು; ಪಾಳಿ ಪ್ರೋಗ್ರಾಂ ನೋಡಿಕೊಳ್ಳುವ ಗಡ್ಡದವನೊಬ್ಬ, ಎಲ್ಲರ ಬಾಯಲ್ಲೂ ಅವನು ಬರೀ ಗಡ್ಡ; ಟಿಕೆಟ್ ಲೆಕ್ಕ ನೋಡಿಕೊಳ್ಳುವ ಒಬ್ಬಳು, ಅವಳಿಗೆ ವರ್ಷವಿಡೀ ಮೂಗು ಸೋರೋದರಿಂದ ಎಲ್ಲರೂ ನೆಗಡಿ ಅಂತಲೇ ಕರೀತಾರೆ, ಅವಳೂ ಓಗೊಡ್ತಾಳೆ; ಮತ್ತೆ ನಮ್ಮಕ್ಕ. ಡ್ರೈವರುಗಳ ರಜೆಯ ಪ್ರೋಗ್ರಾಂ ಅವಳದು. ಹಳೆಯದನ್ನು ಬಿಸಾಕಿ, ಮೊದಲಿನಿಂದ ಕೊನೆಯವರೆಗೆ ಅವಳೇ ಬರೆದದ್ದು. ತನ್ನ ಕೈಯಾರೆ ಕಟ್ಟಿದ ಮನೆ ಅನ್ನೋ ಹಾಗೆ ಅದನ್ನು ಗುಡಿಸಿ ಸಾರಿಸಿ ಇಟ್ಟುಕೊಂಡಿದ್ದಳು. ಆ ಗುಡಿಸೋದರಿಂದಲೇ ಎಲ್ಲಾ ಎಡವಟ್ಟಾಯ್ತು.

ಆವತ್ತು ಬೆಳಿಗ್ಗೆ ನಾನು ಕಿಟಕಿ ತೆಗೆದು ಬಟನ್ ಒತ್ತಿದೆ. ಪಾಳಿ ಚೀಟಿ ಬರಲಿಲ್ಲ. ಮತ್ತೆ ಒತ್ತಿದೆ. ಪರದೆಯ ಮೇಲೆ ನಾಲ್ಕು ಸಾಲು ಇಂಗ್ಲಿಷ್ ಬಂದು ನಿಂತಿತು, ಪ್ರಿಂಟರ್ ತುಟಿ ಪಿಟಕ್ಕನ್ನಲಿಲ್ಲ. ಹೊರಗೆ ಡ್ರೈವರುಗಳ ಸಾಲು ಗೇಟಿನವರೆಗೆ ಬೆಳೆಯಿತು. ಬಸ್ಸುಗಳು ಹೊಗೆ ಬಿಡುತ್ತಾ ನಿಂತಲ್ಲೇ ನಿಂತವು. ಯಾರಿಗೆ ಯಾವ ಬಸ್ಸು ಅಂತ ನನಗೂ ಗೊತ್ತಿಲ್ಲ, ಅವರಿಗೂ ಗೊತ್ತಿಲ್ಲ. "ಏನಮ್ಮಾ, ನಿದ್ದೆ ಮಾಡ್ತಿದ್ಯಾ?" ಅಂತ ಒಬ್ಬ. "ನಿಮ್ಮಕ್ಕನೇ ಬರೆದಿದ್ದಲ್ವಾ, ಕೇಳ್ಕೊಂಡು ಬಾ ಹೋಗು" ಅಂತ ಇನ್ನೊಬ್ಬ. ಊರಿಗೆ ಊರೇ ಸ್ಟಾಪುಗಳಲ್ಲಿ ನಿಂತು ನಮಗೆ ಶಾಪ ಹಾಕುತ್ತಿತ್ತು. ಕೊನೆಗೆ ಹಿಂದಿನ ದಿನದ ಪಾಳಿಯನ್ನೇ ಹಿಡಿದು ಹೊರಡಿ ಅಂತ ನಾನೇ ಕೂಗಿದೆ. ರಜೆಯಲ್ಲಿದ್ದವರ ಬಸ್ಸುಗಳು ಹಾಗೇ ಉಳಿದವು. ನನ್ನ ಗಂಟಲು ಕಟ್ಟಿಹೋಯಿತು.

ಅಕ್ಕ ಬಂದಳು, ಗಡ್ಡ ಬಂದ, ಇಬ್ಬರೂ ಪರದೆ ನೋಡಿದರು. ಅಕ್ಕನಿಗೆ ಎರಡೇ ನಿಮಿಷದಲ್ಲಿ ಗೊತ್ತಾಯಿತು. ಆದರೆ ಗೊತ್ತಾದದ್ದು ಬೇರೆ, ಊರೆಲ್ಲ ಹಬ್ಬಿದ್ದು ಬೇರೆ. ಊರಲ್ಲಿ ಹಬ್ಬಿದ್ದು ಇಷ್ಟು: ಯಾರದು ಮೇಡಂ ಏನೋ ಅಳಿಸಿಬಿಟ್ಟಿದ್ದಾಳಂತೆ, ಅದಕ್ಕೇ ಬಸ್ಸು ನಿಂತಿತಂತೆ.

ಅಳಿಸಿದ್ದು ನಿಜ. ಏನನ್ನು ಅಂತ ಹೇಳ್ತೀನಿ, ಕೇಳಿ. ನನಗೆ ಅರ್ಥವಾಗಿದೆ ಅಂದ ಮೇಲೆ ಯಾರಿಗೂ ಅರ್ಥವಾಗುತ್ತೆ. ಈ ಪ್ರೋಗ್ರಾಮುಗಳನ್ನು ಒಂದೇ ಕಡೆ ಉದ್ದಕ್ಕೆ ಬರೆಯೋದಿಲ್ಲ, ಫೈಲು ಫೈಲಾಗಿ ಬರೆದಿಡ್ತಾರೆ. ಒಂದು ಫೈಲಿನ ಲೆಕ್ಕ ಇನ್ನೊಂದಕ್ಕೆ ಬೇಕಾದರೆ, ಬೇಕಾದವರು ತಮ್ಮ ಫೈಲಿನ ತಲೆಯ ಮೇಲೆ ಒಂದು ಸಾಲು ಬರೀಬೇಕು: ಇಂಥಲ್ಲಿಂದ ಇಂಥದ್ದನ್ನು ತರಿಸಿಕೊಂಡಿದ್ದೀನಿ ಅಂತ. ಅದಕ್ಕೆ ಇಂಪೋರ್ಟ್ ಅಂತಾರೆ. ಡ್ರೈವರು ಎರಡು ಪಾಳಿಗಳ ಮಧ್ಯೆ ಎಷ್ಟು ಹೊತ್ತು ಮಲಗಿರಬೇಕು ಅನ್ನೋ ವಿಶ್ರಾಂತಿ ಲೆಕ್ಕ ಇರೋದು ಸಂಬಳದ ಫೈಲಿನಲ್ಲಿ. ಅಕ್ಕ ಯಾವತ್ತೋ ತನ್ನ ರಜೆ ಫೈಲಿನ ಕೆಲಸಕ್ಕೆ ಅಂತ ಅದನ್ನು ತರಿಸಿಕೊಂಡಿದ್ದಳು. ಆಮೇಲೆ ರಜೆಯ ನಿಯಮ ಬದಲಾಯಿತು, ಆ ಲೆಕ್ಕ ಅವಳಿಗೆ ಬೇಡವಾಯಿತು, ತರಿಸಿಕೊಂಡ ಸಾಲು ಮಾತ್ರ ಹಾಗೇ ಕೂತಿತ್ತು. ಬಸ್ಸು ನಿಂತ ಹಿಂದಿನ ಸಂಜೆ ಗುಡಿಸುವಾಗ ಕಂಡಿತು, ತೆಗೆದು ಹಾಕಿದಳು. ತನ್ನ ಫೈಲು, ತನಗೆ ಬೇಡದ ಸಾಲು. ತೆಗೆದ ಮೇಲೆ ಚೆಕರ್ ಹಾಕಿಯೂ ನೋಡಿದಳು. ಪ್ರೋಗ್ರಾಂ ಓಡಿಸದೆಯೇ, ಬರೆದದ್ದನ್ನು ಓದಿ ಎಲ್ಲಿ ತಪ್ಪಿದೆ ಅಂತ ಕೆಂಪಕ್ಷರದಲ್ಲಿ ತೋರಿಸೋ ಒಂದು ಉಪಾಯ ಅದು. ಆ ಕೋಣೆಯಲ್ಲಿ ಅವರವರ ಫೈಲನ್ನು ಅವರವರೇ ಚೆಕ್ ಮಾಡಿಕೊಳ್ಳೋದು ವಾಡಿಕೆ. ಅವಳ ಫೈಲುಗಳಲ್ಲಿ ಒಂದು ಕೆಂಪು ಚುಕ್ಕೆಯೂ ಬರಲಿಲ್ಲ.

ಗಡ್ಡ ಏನು ಮಾಡಿದ್ದ ಅಂದರೆ, ಅವನ ಪಾಳಿ ಫೈಲಿಗೂ ಆ ವಿಶ್ರಾಂತಿ ಲೆಕ್ಕ ಬೇಕಿತ್ತು. ಸಂಬಳದ ಫೈಲಿನಿಂದ ನೇರ ತರಿಸಿಕೊಳ್ಳೋದು ಬಿಟ್ಟು, ಅಕ್ಕನ ರಜೆ ಫೈಲಿನಲ್ಲಿ ಹೇಗೂ ಬಿದ್ದಿದೆಯಲ್ಲ ಅಂತ ಅಲ್ಲಿಂದಲೇ ಎತ್ತಿಕೊಂಡಿದ್ದ. ಪೈಥಾನ್ ಬೇಡ ಅನ್ನೋದಿಲ್ಲ, ಸುಮ್ಮನೆ ಕೊಟ್ಟುಬಿಡುತ್ತೆ. ಅಕ್ಕನಿಗೆ ಹೇಳಿರಲೂ ಇಲ್ಲ, ಕೇಳಿರಲೂ ಇಲ್ಲ. ಅವಳು ತನ್ನ ಸಾಲು ತೆಗೆದಳು, ಅವನ ಪಾಳಿ ದಬಕ್ಕನೆ ಬಿತ್ತು.

ಸಾಹೇಬರು ಕೆಟ್ಟವರೇನಲ್ಲ. ಆದರೆ ಮೇಲಿನವರು ಫೋನ್ ಮಾಡಿ ಬೆವರಿಳಿಸಿದರೆ ಕೆಳಗಿನವರ ತಲೆ ಹುಡುಕುವ ಜಾತಿ. ಆವತ್ತೇ ಮಧ್ಯಾಹ್ನ ಡ್ರೈವರ್ ಸಂಘದ ಲೀಡರ್ ದೂರು ಕೊಟ್ಟ: ಕಾರಣ ಏನು, ಹೊಣೆ ಯಾರು, ಹೇಳಿ ಅಂತ. ಸಾಹೇಬರು ಅಕ್ಕನನ್ನು ಕರೆದು ಬಹಳ ಮೆತ್ತಗೆ ಹೇಳಿದರಂತೆ. "ನೋಡಿ ಮೇಡಂ, ಆ ಸಾಲು ವಾಪಸ್ ಹಾಕಿಬಿಡಿ. ಸಂಘದವರ ಎದುರಿಗೆ, ನನ್ನ ಅಜಾಗರೂಕತೆಯಿಂದ ಆಯ್ತು, ಕ್ಷಮಿಸಿ ಅಂತ ಒಂದು ಮಾತು ಹೇಳಿಬಿಡಿ. ಅಲ್ಲಿಗೆ ಮುಗೀತು."

"ಆ ಸಾಲು ನನ್ನದು ಸಾರ್, ತೆಗೆದೆ" ಅಂದಳಂತೆ ಅಕ್ಕ. "ನನ್ನದನ್ನ ನಾನು ತೆಗೆದದ್ದಕ್ಕೆ ಯಾಕೆ ಕ್ಷಮೆ ಕೇಳ್ಲಿ? ಅದನ್ನ ಇನ್ನೊಬ್ಬರು ಎತ್ಕೊಂಡಿದ್ದಾರೆ ಅಂತ ನನಗೆ ಹೇಗೆ ಗೊತ್ತಾಗ್ಬೇಕು?"

"ಹೇಳ್ಲಿಲ್ಲ ಅಂದ್ರೆ ನಿಮ್ಮನ್ನ ಪ್ರೋಗ್ರಾಂ ಕೆಲಸದಿಂದ ತೆಗೀಬೇಕಾಗುತ್ತೆ. ಮರೆತ ಸಾಮಾನಿನ ಕೋಣೇಲಿ ಜಾಗ ಖಾಲಿ ಇದೆ. ಯೋಚನೆ ಮಾಡಿ. ವಾರದ ಕೊನೆಗೆ ಮೀಟಿಂಗ್ ಇಟ್ಟಿದ್ದೀನಿ, ಅಲ್ಲಿವರೆಗೆ ಕಿಟಕಿಯಲ್ಲಿ ಚೀಟಿ ಕೈಯಲ್ಲೇ ಬರೀಲಿ."

ಮರೆತ ಸಾಮಾನಿನ ಕೋಣೆ ನಾನು ನೋಡಿದ್ದೀನಿ. ಬಸ್ಸಿನಲ್ಲಿ ಜನ ಬಿಟ್ಟುಹೋದ ಛತ್ರಿ, ಒಂಟಿ ಚಪ್ಪಲಿ, ಹಲ್ಲಿನ ಸೆಟ್ಟು, ಮಕ್ಕಳ ಟೋಪಿ. ಬೆಳಿಗ್ಗೆಯಿಂದ ಸಂಜೆವರೆಗೆ ಅದಕ್ಕೆ ಚೀಟಿ ಅಂಟಿಸ್ತಾ ಕೂರಬೇಕು. ಕಷ್ಟಪಟ್ಟು ಕಲಿತು, ಫೇಲಾಗಿ, ಪಾಸಾಗಿ, ಸ್ವಂತ ಬರೆದ ಪ್ರೋಗ್ರಾಮನ್ನು ಬಿಟ್ಟು ಒಂಟಿ ಚಪ್ಪಲಿ ಕಾಯೋಕೆ ಎತ್ತಂಗಡಿ. ಕೇಳಿಯೇ ನನ್ನ ಹೊಟ್ಟೆ ಉರಿಯಿತು. ಅದಕ್ಕಿಂತ ಹೆಚ್ಚು ಅಕ್ಕನ ಮೇಲೆ ಉರಿಯಿತು. ಒಂದು ಮಾತು ಹೇಳಿ ಉಳಿದುಕೊಳ್ಳೋದು ಬಿಟ್ಟು ಇದೇನು ಹಟ ಅಂತ.

ಸಂಜೆ ಅಡುಗೆಮನೆಯಲ್ಲಿ ಅತ್ತೆ ಬಟಾಣಿ ಸುಲೀತಿದ್ದರು, ಭಾವ ಬಾಗಿಲಲ್ಲಿ ನಿಂತಿದ್ದರು. ನಾನು ಈರುಳ್ಳಿ ಹೆಚ್ಚುತ್ತಾ ಶುರುಮಾಡಿದೆ.

"ಅಕ್ಕ, ಬೈಗುಳ ತಿಂದವಳು ನಾನು. ನೀನಲ್ಲ. ನನ್ನ ಗಂಟಲು ನೋಡು, ಕಾಗೆ ಥರ ಆಗಿದೆ. ಒಂದು ಕ್ಷಮೆ ಕೇಳೋಕೆ ನಿನಗೇನು ದಾಡಿ?"

"ನಿನ್ನನ್ನ ಬೈದದ್ದಕ್ಕೆ ಬೇಜಾರಿದೆ. ನಿನ್ನ ಹತ್ರ ಬೇಕಾದ್ರೆ ಕೇಳ್ತೀನಿ. ಅವರ ಹತ್ರ ಕೇಳಲ್ಲ."

"ಬಾಯಿಂದ ಬರೋ ಒಂದು ಮಾತು ಕಣೇ ಅದು" ಅಂದರು ಅತ್ತೆ. "ಹೇಳಿದ್ರೆ ನಾಲಿಗೆ ಸವೆಯುತ್ತಾ?"

"ನಾಲಿಗೆ ಸವೆಯಲ್ಲ ಅತ್ತೆ. ಹೇಳಿದ ಮೇಲೆ ಆ ಸಾಲು ನನ್ನ ತಲೆಗೇ ಕಟ್ಟಿದ ಹಾಗೆ. ನಾಳೆಯಿಂದ ನನ್ನ ಫೈಲಲ್ಲಿ ನಾನೇ ಕೈಯಾಡಿಸೋಕೆ ಹೆದರ್ಬೇಕು. ಯಾರು ಎಲ್ಲಿ ಏನು ಎತ್ಕೊಂಡಿದ್ದಾರೋ ಅಂತ."

"ಗಡ್ಡನ ಮೇಲೆ ಹಾಕು ಹಾಗಾದ್ರೆ" ಅಂದರು ಭಾವ. ಅವರು ಮಾತಾಡೋದೇ ಅಪರೂಪ, ಮಾತಾಡಿದರೆ ಹೀಗೆ.

"ಅವನ ಮೇಲೂ ಗೂಬೆ ಕೂರಿಸಲ್ಲ. ಅವನು ಎತ್ಕೊಂಡಾಗ ಬೇಡ ಅನ್ನೋರು ಯಾರಿದ್ರು? ಚೆಕರಲ್ಲಿ ಒಂದು ಬಿಗಿ ನಿಯಮ ಇದೆ. ನಾನು ನನ್ನ ಕೆಲಸಕ್ಕೆ ತರಿಸಿಕೊಂಡದ್ದು ನನಗೆ ಮಾತ್ರ. ಅದನ್ನ ಮುಂದಕ್ಕೆ ಬೇರೆಯವರಿಗೂ ಕೊಡ್ತೀನಿ ಅಂತಿದ್ರೆ ನಾನು ಬಾಯಿಬಿಟ್ಟು ಹೇಳ್ಬೇಕು, ತರಿಸಿಕೊಳ್ಳೋ ಸಾಲಲ್ಲೇ ಆ ಹೆಸರನ್ನ ಎರಡು ಸಲ ಬರೆದು ತೋರಿಸ್ಬೇಕು. ಹೇಳದೆ ಇದ್ದದ್ದನ್ನ ಯಾರಾದ್ರೂ ಎತ್ಕೊಂಡ್ರೆ ಎತ್ಕೊಂಡವರ ಫೈಲಲ್ಲಿ ಕೆಂಪು ಬರುತ್ತೆ. ಅದನ್ನ ಹಾಕಿ ಅಂತ ಸಾಹೇಬರಿಗೆ ಎಷ್ಟು ಸಲ ಹೇಳಿದ್ದೀನಿ. ಹಾಕಿದ್ರೆ ಇಡೀ ಕೋಣೆ ಕೆಂಪಾಗುತ್ತೆ, ಕೆಲಸ ನಿಲ್ಲುತ್ತೆ, ಬೇಡ ಅಂತಾರೆ."

ನಾನು ಚಾಕು ಕೆಳಗಿಟ್ಟೆ. ಸಿಟ್ಟು ಇಳಿದಿರಲಿಲ್ಲ, ಆದರೆ ಅದು ಮುಖ ಬೇರೆ ಕಡೆ ತಿರುಗಿಸಿತು. ಇದು ನನ್ನ ಕಿಟಕಿಯ ನಿಯಮವೇ ಅಲ್ಲವಾ?

ನಮ್ಮಲ್ಲಿ ಪಾಳಿ ಬದಲಾಯಿಸಿಕೊಳ್ಳೋದು ಅಂತ ಒಂದಿದೆ. ಒಬ್ಬ ಡ್ರೈವರಿಗೆ ಮನೆಯಲ್ಲಿ ತಾಪತ್ರಯ, ಅವನ ಪಾಳಿಯನ್ನು ಇನ್ನೊಬ್ಬ ತಗೋತಾನೆ. ಮೊದಲು ಏನಾಗ್ತಿತ್ತು ಅಂದರೆ, ತಗೊಂಡವನು ಅದನ್ನು ಸದ್ದಿಲ್ಲದೆ ಮೂರನೆಯವನಿಗೆ ದಾಟಿಸಿಬಿಡುತ್ತಿದ್ದ. ಹೀಗೇ ಒಂದು ಸಲ ಮೂರನೆಯವನು ಬಸ್ಸನ್ನು ಗೋಡೆಗೆ ಗುದ್ದಿದ. ಚೀಟಿಯಲ್ಲಿದ್ದದ್ದು ಮೊದಲನೆಯವನ ಹೆಸರು. ಅವನು ಮನೆಯಲ್ಲಿ ಮಗುವಿನ ಹಣೆಗೆ ಒದ್ದೆ ಬಟ್ಟೆ ಹಾಕ್ತಾ ಕೂತಿದ್ದ, ಸಸ್ಪೆಂಡ್ ಆದದ್ದು ಅವನೇ. ಆ ಮೊದಲನೆಯವನು ಬೇರೆ ಯಾರೂ ಅಲ್ಲ, ಈಗಿನ ಸಂಘದ ಲೀಡರ್. ಅದೇ ಸಿಟ್ಟಿನಲ್ಲಿ ಅವನು ಲೀಡರ್ ಆದದ್ದು. ಬಸ್ಸು ನಿಲ್ಲಿಸಿ ಧರಣಿ ಕೂತು ನಿಯಮ ತರಿಸಿದ: ತಗೊಂಡ ಪಾಳಿಯನ್ನು ಮುಂದೆ ದಾಟಿಸಬೇಕಾದರೆ ಕಿಟಕಿಗೆ ಬಂದು ಹೇಳಲೇಬೇಕು, ಹೇಳದೆ ಓಡಿಸಿದರೆ ಓಡಿಸಿದವನದೇ ಹೊಣೆ. ಆ ನಿಯಮವನ್ನು ದಿನಾ ಕಾಯೋಳು ನಾನು. ಎಷ್ಟು ಜನರ ಹತ್ತಿರ ಅದಕ್ಕಾಗಿ ಜಗಳ ಆಡಿದ್ದೀನೋ ಲೆಕ್ಕವಿಲ್ಲ.

"ಅಯ್ಯೋ ಅಕ್ಕ, ಇದನ್ನ ಮೊದಲೇ ಹೀಗೆ ಹೇಳಬಾರದಿತ್ತಾ?" ಅಂದೆ.

"ಹೇಗೆ?"

ಹೇಳಿದೆ. ಕಿಟಕಿಯಲ್ಲಿ ಅಷ್ಟು ವರ್ಷ ಕೂತವಳು, ಅವಳಿಗೇ ಅದು ಹೊಳೆದಿರಲಿಲ್ಲ. ಅತ್ತೆಗೆ ಎಷ್ಟು ಅರ್ಥವಾಯಿತೋ ಗೊತ್ತಿಲ್ಲ, ಬಟಾಣಿ ಬುಟ್ಟಿ ಬದಿಗೆ ಸರಿಸಿ "ಹಾಗಾದ್ರೆ ಕೇಳ್ಬೇಡ ಬಿಡು" ಅಂದುಬಿಟ್ಟರು.

ಮಾರನೆಯ ದಿನ ಅಕ್ಕ ತನ್ನ ಕಂಪ್ಯೂಟರಿನಲ್ಲಿ ಆ ಬಿಗಿ ನಿಯಮ ಹಾಕಿ, ಇಡೀ ವಿಭಾಗದ ಫೈಲುಗಳ ಮೇಲೆ ಚೆಕರ್ ಓಡಿಸಿದಳು. ಸಾಹೇಬರ ಮಾತು ಸುಳ್ಳಾಗಿರಲಿಲ್ಲ. ಪರದೆ ಪೂರ್ತಿ ಕೆಂಪು, ಕೆಳಗೆ ಎಳೆದಷ್ಟೂ ಕೆಂಪು. ಯಾರು ಯಾರ ಮನೆಯಿಂದ ಏನೇನು ಹೊತ್ತಿದ್ದಾರೆ ಅನ್ನೋದೆಲ್ಲ ಬಯಲಾಯಿತು. ಅದರಲ್ಲಿ ಅಕ್ಕನದೂ ಇತ್ತು. ನೆಗಡಿಯ ಟಿಕೆಟ್ ಫೈಲಿನಲ್ಲಿ ಬೇರೆ ಎಲ್ಲಿಂದಲೋ ಬಂದು ಬಿದ್ದಿದ್ದ ತಾರೀಖಿನ ಲೆಕ್ಕವೊಂದನ್ನು ಅಕ್ಕನೂ ಕೇಳದೆ ಎತ್ತಿಕೊಂಡಿದ್ದಳು. ಅಂಥವು ಇನ್ನೂ ಒಂದೆರಡು. ಯಾರದು ಯಾರದು ಅಂತ ಊರಿಗೆಲ್ಲ ಕೇಳೋಳ ಫೈಲೇ ಹೀಗೆ. ನೆಗಡಿ ಮೂಗೊರೆಸಿಕೊಳ್ಳುತ್ತಾ ನಕ್ಕಳಂತೆ. ಅಕ್ಕನೂ ನಕ್ಕು ಅವಳೆದುರಿಗೇ ಆ ಸಾಲುಗಳನ್ನು ಸರಿಮಾಡಿದಳು, ಬೇಕಾದದ್ದನ್ನು ಅದರ ಮೂಲ ಜಾಗದಿಂದಲೇ ನೇರ ತರಿಸಿಕೊಂಡಳು. ಗಡ್ಡ ಮಾತ್ರ ಆ ದಿನಗಳಲ್ಲಿ ಗಂಟುಮೋರೆ ಹಾಕ್ಕೊಂಡು, ತಲೆಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಗೋಡೆ ಕಡೆ ತಿರುಗಿ ಕೂತಿದ್ದ.

ಮೀಟಿಂಗಿಗೆ ನನ್ನನ್ನೂ ಕರೆದರು, ಆವತ್ತು ಬೆಳಿಗ್ಗೆ ಕಿಟಕಿಯಲ್ಲಿದ್ದವಳು ಅಂತ. ಉದ್ದನೆಯ ಕೋಣೆ, ರಬ್ಬರ್ ವಾಸನೆ, ಗೋಡೆಗೆ ಬಿಳಿ ಪರದೆ. ಲೀಡರ್ ಕೈಕಟ್ಟಿಕೊಂಡು ಮುಂದೆ ಕೂತಿದ್ದ. ಸಾಹೇಬರು ಗಂಟಲು ಸರಿಮಾಡಿಕೊಂಡು, "ಮೇಡಂ ಒಂದು ಮಾತು ಹೇಳ್ತಾರೆ" ಅಂದರು.

ಅಕ್ಕ ಎದ್ದು ನಿಂತು ಕೆಂಪಕ್ಷರಗಳನ್ನು ಗೋಡೆಯ ಮೇಲೆ ಬಿಟ್ಟಳು. "ಮೊದಲು ನನ್ನವು. ಇವನ್ನ ನಾನು ಕೇಳದೆ ಎತ್ಕೊಂಡಿದ್ದೆ. ಇವು ನನ್ನ ತಪ್ಪು. ಯಾರಿಂದ ಎತ್ಕೊಂಡಿದ್ನೋ ಅವರ ಹತ್ರ ಕ್ಷಮೆ ಕೇಳಿ ಸರಿಮಾಡಿದ್ದೀನಿ. ಆಮೇಲೆ ಇದು." ಬೆರಳು ಕೆಳಗಿಳಿಸಿದಳು. "ಆವತ್ತು ಬಸ್ಸು ನಿಲ್ಲಿಸಿದ ಸಾಲು. ಇದು ನನ್ನ ಫೈಲಲ್ಲಿ ಕೆಂಪಾಗಿಲ್ಲ. ಪಾಳಿ ಫೈಲಲ್ಲಿ ಆಗಿದೆ. ಇದಕ್ಕೆ ನಾನು ಕ್ಷಮೆ ಕೇಳಲ್ಲ."

ಸಾಹೇಬರ ಮುಖ ಕೆಂಪಾಯಿತು. ಆದರೂ ಅವರು ಕೇಳಿದ ಪ್ರಶ್ನೆ ದಡ್ಡ ಪ್ರಶ್ನೆಯೇನಲ್ಲ. "ಎಲ್ಲಾ ಫೈಲುಗಳನ್ನೂ ಒಟ್ಟಿಗೆ ಚೆಕ್ ಮಾಡಿದ್ರೆ ಸಾಕಲ್ವಾ? ಹಳೇ ನಿಯಮದಲ್ಲೇ ನೀವು ಸಾಲು ತೆಗೆದ ಕೂಡಲೇ ಅವರ ಕಡೆ ಕೆಂಪು ಬರ್ತಿತ್ತು. ಅದಕ್ಕೆ ಈ ಬಿಗಿ ನಿಯಮ ಯಾಕೆ?"

"ಬರ್ತಿತ್ತು ಸಾರ್. ಯಾವತ್ತು ಬರ್ತಿತ್ತು? ನಾನು ತೆಗೆದ ದಿನ. ಆಗ ನೀವೆಲ್ಲ ಯಾರ ಕಡೆ ನೋಡ್ತಿದ್ರಿ? ತೆಗೆದವಳ ಕಡೆ. ವಾಪಸ್ ಹಾಕು ಅಂತಿದ್ರಿ. ನನಗೆ ಬೇಡದ್ದನ್ನ ಯಾರಿಗೋಸ್ಕರ ಅಂತ ಗೊತ್ತಿಲ್ಲದೆ ನಾನು ಹೊತ್ಕೊಂಡೇ ಇರ್ಬೇಕಿತ್ತು. ಬಿಗಿ ನಿಯಮ ಇದ್ದಿದ್ರೆ ಎತ್ಕೊಂಡ ದಿನವೇ ಬರ್ತಿತ್ತು, ಎತ್ಕೊಂಡವರು ಅವತ್ತೇ ಬಂದು ನನ್ನನ್ನ ಕೇಳ್ತಿದ್ರು. ಯಾವ ಬಸ್ಸೂ ನಿಲ್ತಿರಲಿಲ್ಲ."

"ಇದೆಲ್ಲ ನಮಗೆ ತಲೆಗೆ ಹೋಗಲ್ಲಮ್ಮ" ಅಂದ ಲೀಡರ್. "ಇಂಪೋರ್ಟು ಗಿಂಪೋರ್ಟು ಅಂತ. ತಪ್ಪು ಯಾರದು, ಅದು ಹೇಳಿ."

ನನಗೆ ತಡೆಯಲಿಲ್ಲ. ನಾನು ಸಾಕ್ಷಿ ಹೇಳೋಕೆ ಬಂದವಳು, ಯಾರೂ ನನ್ನನ್ನು ಕೇಳಿರಲಿಲ್ಲ. ಆದರೂ ಎದ್ದೆ. "ಯಾಕಣ್ಣ ಹೋಗಲ್ಲ? ನೀವು ಮಗುಗೆ ಜ್ವರ ಅಂತ ಪಾಳಿ ಕೊಟ್ಟಿದ್ರಿ. ತಗೊಂಡವನು ನಿಮಗೆ ಹೇಳದೆ ಇನ್ನೊಬ್ಬನಿಗೆ ದಾಟಿಸಿದ. ಬಸ್ಸು ಗೋಡೆಗೆ ಗುದ್ದಿದಾಗ ಸಸ್ಪೆಂಡ್ ಆದೋರು ಯಾರು? ಆವತ್ತು ನಿಮಗೂ ಇದನ್ನೇ ಹೇಳಿದ್ರಲ್ವಾ, ತಪ್ಪಾಯ್ತು ಅಂತ ಒಂದು ಮಾತು ಹೇಳಿಬಿಡು, ಮುಗೀತು ಅಂತ? ನೀವು ಹೇಳಿದ್ರಾ?"

ಲೀಡರ್ ಕಟ್ಟಿದ ಕೈ ಬಿಚ್ಚಿದ. ಗೋಡೆಯ ಮೇಲಿನ ಕೆಂಪು ಸಾಲನ್ನು, ಅಕ್ಕನನ್ನು, ಮತ್ತೆ ಗೋಡೆಯನ್ನು ನೋಡಿದ.

"ಹೇಳಿರಲಿಲ್ಲ" ಅಂದ. ಆಮೇಲೆ ಸಾಹೇಬರ ಕಡೆ ತಿರುಗಿದ. "ನಾವು ಕಾರಣ ಕೇಳಿದ್ವಿ ಸಾರ್, ತಲೆದಂಡ ಕೇಳಿರಲಿಲ್ಲ. ಕಾರಣ ಸಿಕ್ತು. ಆ ನಿಯಮ ಹಾಕಿಸಿ. ನಮ್ಮ ದೂರು ವಾಪಸ್."

ಅಲ್ಲಿಗೆ ಮುಗೀತು ಅಂದುಕೊಂಡೆ. ನನ್ನ ಎದೆ ಇಷ್ಟಗಲ ಆಗಿತ್ತು. ಆದರೆ ಎಲ್ಲರೆದುರಿಗೆ ಸೋತ ಗಂಡಸು ಅಷ್ಟು ಸುಲಭಕ್ಕೆ ಎದ್ದು ಹೋಗೋದಿಲ್ಲ. ಲೀಡರ್ ಹೋದ ಮೇಲೆ ಸಾಹೇಬರು ಬಾಗಿಲು ಹಾಕಿಸಿದರು.

"ನಿಯಮ ಇರಲಿ" ಅಂದರು. "ನಾಳೆಯಿಂದಲೇ ಹಾಕೋಣ, ನಿಧಾನಕ್ಕೆ ಎಲ್ಲಾ ಸರಿಮಾಡಿ. ಆದ್ರೆ ನನಗೆ ಮೇಲಿನವರಿಗೆ ಉತ್ತರ ಕೊಡ್ಬೇಕು. ನಾನು ಹೇಳಿದ್ದನ್ನ ಕೇಳದೆ, ನನ್ನನ್ನೇ ಕೂರಿಸಿ ಪಾಠ ಮಾಡೋರನ್ನ ಇಟ್ಕೊಂಡು ವಿಭಾಗ ನಡೆಸೋಕಾಗಲ್ಲ. ಮೇಡಂ, ನೀವು ಮರೆತ ಸಾಮಾನಿನ ಕೋಣೆಗೆ ಹೊರಡಿ. ಈಗಲೂ ಕಾಲ ಮಿಂಚಿಲ್ಲ, ಆ ಒಂದು ಮಾತು ಹೇಳಿದ್ರೆ ನಾನು ಯೋಚನೆ ಮಾಡ್ತೀನಿ."

ಅಕ್ಕನ ಮುಖ ಬಿಳಿಚಿತು. ಅದನ್ನು ನಾನು ನೋಡಿದೆ, ಸುಳ್ಳು ಹೇಳೋದಿಲ್ಲ. ಅವಳು ಮೇಜಿನ ಅಂಚು ಹಿಡಿದುಕೊಂಡಳು. ಈಗ ಹೇಳಿಬಿಡ್ತಾಳೆ, ಹೇಳಿಬಿಡಲಿ ಅಂತ ನನಗೇ ಒಂದು ಗಳಿಗೆ ಅನ್ನಿಸಿತು.

"ಹೋಗ್ತೀನಿ ಸಾರ್" ಅಂದಳು. "ಹೇಳಲ್ಲ, ಹೋಗ್ತೀನಿ. ನನ್ನ ರಜೆ ಫೈಲುಗಳು ಯಾರಿಗೆ ಅಂತ ಹೇಳಿ. ಅನಾಥ ಮಾಡಿ ಹೋಗೋಕಾಗಲ್ಲ. ನಾಳೆ ಅದು ಕೆಟ್ರೆ ಯಾರನ್ನ ಕೇಳ್ಬೇಕು ಅಂತ ಡ್ರೈವರುಗಳಿಗೆ ಗೊತ್ತಿರ್ಬೇಕು."

"ಯಾರಾದ್ರೂ ನೋಡ್ಕೋತಾರೆ."

"ಯಾರಾದ್ರೂ ಅಂದ್ರೆ ಯಾರು ಸಾರ್?"

ಸಾಹೇಬರು ಸಿಡಿಮಿಡಿಗೊಂಡು ಗಡ್ಡನ ಕಡೆ ಕೈ ತೋರಿಸಿದರು. "ನೀನೇ ತಗೋ. ಪಾಳಿ ನೋಡ್ತೀಯ, ರಜೆನೂ ನೋಡು."

ಗಡ್ಡ ಕುತ್ತಿಗೆಯಲ್ಲಿ ನೇತಾಡುತ್ತಿದ್ದ ಹೆಡ್‌ಫೋನನ್ನು ತೆಗೆದು ಮೇಜಿನ ಮೇಲಿಟ್ಟ. ಈ ಮನುಷ್ಯ ಈಗ ತಗೋತಾನೆ, ಅಕ್ಕನ ಕಥೆ ಮುಗೀತು ಅಂದುಕೊಂಡೆ. ನನಗೆ ಅವನ ಗಡ್ಡ ಹಿಡಿದು ಎಳೆಯುವಷ್ಟು ಸಿಟ್ಟು ಬಂದಿತ್ತು.

"ನಾನು ತಗೊಳ್ಳಲ್ಲ ಸಾರ್" ಅಂದ. "ಅವರದನ್ನ ಒಂದು ಸಲ ಕೇಳದೆ ತಗೊಂಡಿದ್ದೀನಿ. ಅದು ನನ್ನ ತಪ್ಪು. ಮತ್ತೆ ಅವರು ಕೊಡದೆ ಇದ್ದದ್ದನ್ನ ತಗೊಳ್ಳಲ್ಲ."

"ನಾನು ಹೇಳ್ತಿದ್ದೀನಿ, ತಗೋ."

"ಬೇಕಾದ್ರೆ ನನ್ನನ್ನೂ ಆ ಚಪ್ಪಲಿ ಕೋಣೆಗೆ ಹಾಕಿ."

ಸಾಹೇಬರು ನೆಗಡಿಯ ಕಡೆ ತಿರುಗಿದರು. ಅವಳು ಕರ್ಚೀಫಿನಿಂದ ಮೂಗು ಒತ್ತಿ ಹಿಡಿದು, ತಲೆ ಅಡ್ಡಡ್ಡ ಆಡಿಸಿದಳು. ಇನ್ನು ಉಳಿದವಳು ನಾನು. ನನ್ನ ಕಡೆ ಅವರು ನೋಡಲೇ ಇಲ್ಲ, ನೋಡಿದ್ದರೆ ನನ್ನ ಬಾಯಿಂದ ಏನು ಬರುತ್ತಿತ್ತೋ ಅವರಿಗೂ ಗೊತ್ತಿತ್ತು.

ಕೊನೆಗೆ ಅವರೇ ಅಕ್ಕನ ಕಂಪ್ಯೂಟರಿನ ಮುಂದೆ ಹೋಗಿ ಕೂತರು. ರಜೆ ಫೈಲು ತೆಗೆದು ಮೇಲಿನಿಂದ ಕೆಳಕ್ಕೆ ಎಳೆದರು, ಕೆಳಗಿನಿಂದ ಮೇಲಕ್ಕೆ ಎಳೆದರು. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೊಂದು ಸಲ ನೋಡಿದರು. ಎಲ್ಲಿ ಕೈಯಿಡಬೇಕು ಅಂತಲೇ ಅವರಿಗೆ ಗೊತ್ತಾಗಲಿಲ್ಲ. ಹೊರಗೆ ಗೋಡೌನಿನಲ್ಲಿ ಯಾರೋ ಟೈರ್ ಉರುಳಿಸಿಕೊಂಡು ಹೋದರು.

ಸಾಹೇಬರು ಕುರ್ಚಿಯಿಂದ ಎದ್ದರು. ಅಕ್ಕನ ಮುಖ ನೋಡದೆ "ಕೂತ್ಕೊಳ್ಳಿ" ಅಂದರು.

ಅಕ್ಕ ಕೂತಳು.